ಗುಲಾಬಿಯ ಮನೆತನ ತಿಳಿದು ಕತ್ತರಿ ಹಾಕೋಣ



ಹಾನಗಲ್ಲಿನ ಮಾವು, ಸವಣೂರಿನ ಎಲೆ, ಶಿಗ್ಗಾವಿ-ಹಿರೇಕೆರೂರು ಕಡೆಯ ಗೋವಿನಜೋಳ ಎಲ್ಲರಿಗೂ ಗೊತ್ತು. ಹಿತ್ತಲ ಗುಲಾಬಿಯ ಚರಿತ್ರೆ ಕೇಳುವವರು ಕಡಿಮೆ. ಮಳೆಗಾಲ ಮುಗಿಯಿತೆಂದರೆ ಎಲ್ಲ ಗಿಡಕ್ಕೂ ಒಂದೇ ನಮೂನಿ ಕತ್ತರಿ ಹಾಕಿಬಿಡುತ್ತೇವೆ. ಆಮೇಲೆ "ಈ ವರ್ಷ ಹೂವೇ ಬರಲಿಲ್ಲ ನೋಡ್ರಿ" ಅಂತೇವೆ. ಕಾರಣ ಗಿಡದ ಮನೆತನದಲ್ಲಿದೆ.

ಪನ್ನೀರು, ಅತ್ತರು ಕೊಡುವ ಡಮಾಸ್ಕ್ ಗುಲಾಬಿ ಪರ್ಶಿಯಾ ಕಡೆಯಿಂದ ಬಂದದ್ದು. ಇದು ಹೆಚ್ಚಾಗಿ ವರ್ಷಕ್ಕೊಮ್ಮೆ, ಹಳೆಯ ರೆಂಬೆಯ ಮೇಲೆ ಹೂ ಬಿಡುತ್ತದೆ. ಮತ್ತೆ ಮತ್ತೆ ಹೂ ಬಿಡುವ ಗುಣ ಚೀನಾ ಗುಲಾಬಿಯದು. ಅದು 18ನೇ ಶತಮಾನದ ಕೊನೆಗೆ ಕಲಕತ್ತೆಯ ಮೇಲೆ ಯುರೋಪಿಗೆ ಹೋಯಿತು. ಅಲ್ಲಿಯವರು ಬಂಗಾಳ ಗುಲಾಬಿ ಎಂದರು. ಇವೆರಡರ ಬೆರಕೆಯಿಂದ ರಿಯೂನಿಯನ್ ದ್ವೀಪದಲ್ಲಿ ಎಡ್ವರ್ಡ್ ಗುಲಾಬಿ ಹುಟ್ಟಿತು. 1867ರಲ್ಲಿ ಫ್ರಾನ್ಸಿನಲ್ಲಿ ಬಂದ 'ಲಾ ಫ್ರಾನ್ಸ್' ತಳಿಯನ್ನು ಇಂದಿನ ಉದ್ದ ದೇಟಿನ ಹೈಬ್ರಿಡ್ ಟೀ ಗುಲಾಬಿಗಳ ಮೊದಲನೆಯದೆಂದು ಎಣಿಸುತ್ತಾರೆ. ನಮ್ಮ ದೇಶದಲ್ಲಿ ಗೋಧಿ ವಿಜ್ಞಾನಿ ಡಾ. ಬಿ. ಪಿ. ಪಾಲ್ ಅನೇಕ ಗುಲಾಬಿ ತಳಿಗಳನ್ನು ಮಾಡಿದರು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯವರು 'ಅರ್ಕಾ' ಹೆಸರಿನ ತಳಿಗಳನ್ನು ಕೊಟ್ಟಿದ್ದಾರೆ.

ಈ ಚರಿತ್ರೆಯಿಂದಲೇ ಕತ್ತರಿಯ ಲೆಕ್ಕ ತಿಳಿಯುತ್ತದೆ. ಹೈಬ್ರಿಡ್ ಟೀ ಹೊಸ ಚಿಗುರಿನ ತುದಿಗೆ ಹೂ ಬಿಡುತ್ತದೆ. ಅಕ್ಟೋಬರದಲ್ಲಿ ಒಂದರಿಂದ ಒಂದೂವರೆ ಅಡಿ ಬಿಟ್ಟು, ಹೊರಮುಖದ ಕಣ್ಣಿನ ಮೇಲೆ ಕಾಲು ಇಂಚು ಇಟ್ಟು ಓರೆಯಾಗಿ ಕತ್ತರಿಸಬೇಕು. ಎಡ್ವರ್ಡಿಗೆ ಒಣಗಿದ, ಬಡಕಲು ಕಡ್ಡಿ ತೆಗೆದು ತುದಿ ಸವರಿದರೆ ಸಾಕು. ಬಳ್ಳಿ ಗುಲಾಬಿಯ ಮುಖ್ಯ ಕಾಂಡ ಕಡಿಯದೆ ಅಡ್ಡ ಬಾಗಿಸಿ ಕಟ್ಟಿ, ಹೂ ಮುಗಿದ ಪಕ್ಕದ ರೆಂಬೆಗಳನ್ನಷ್ಟೇ ಎರಡು ಮೂರು ಕಣ್ಣಿಗೆ ಮೊಟಕು ಮಾಡಬೇಕು. ಡಮಾಸ್ಕಿಗೆ ಹೂ ಮುಗಿದ ಕೂಡಲೇ ಕತ್ತರಿ. ತಡಮಾಡಿದರೆ ಬರುವ ವರ್ಷದ ಹೂವನ್ನೇ ಕಡಿದಂತೆ. ಕಸಿಗಂಟಿನ ಕೆಳಗಿಂದ ಬರುವ ಕಾಡುಚಿಗುರನ್ನು ಬುಡಸಮೇತ ಕೀಳದಿದ್ದರೆ ಮೇಲಿನ ಒಳ್ಳೆ ತಳಿ ಸೊರಗಿ ಸಾಯುತ್ತದೆ. ಕಡಿದ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚುವುದು ಮರೀಬಾರದು.

ಕತ್ತರಿಸಿದ ಸುಮಾರು 45 ದಿನಕ್ಕೆ ಹೂ ಬರುತ್ತದೆ. ಊರ ಮಂದಿಯೆಲ್ಲ ಒಂದೇ ವಾರ ಕತ್ತರಿಸಿದರೆ ಹೂವೂ ಒಂದೇ ವಾರ ಬಂದು ದರ ಬೀಳುತ್ತದೆ. ಹೂವೋ ನಾಳೆಗೆ ಕಾಯುವ ಮಾಲಲ್ಲ. ಹೂ ಬೆಳೆಯುವ ಸದಸ್ಯರು ಸರದಿ ಹಾಕಿಕೊಂಡು ವಾರಕ್ಕಿಷ್ಟು ಸಾಲು ಅಂತ ಕತ್ತರಿಸಿದರೆ ಪೇಟೆಗೆ ದಿನವೂ ಬುಟ್ಟಿ ಹೋದೀತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಹಿರಿಯರು ಸಾಲಕ್ಕಾಗಿ ಒಂದಾದರು. ನಾವು ಹೂವಿಗಾಗಿಯೂ ಒಂದಾಗಬಹುದು. ಈ ಬೆಳ್ಳಿಹಬ್ಬದ ವರ್ಷ ಅದಕ್ಕೆ ನಾಂದಿಯಾಗಲಿ.