ಹೆಣೆದ ರೋಟರ್‌ಗಳ ಹೆಲಿಕಾಪ್ಟರ್: ಸಿಂಕ್ರಾಪ್ಟರ್ ಬೆಳೆದು ಬಂದ ಬಗೆ

ಸಿಂಕ್ರಾಪ್ಟರ್ ಎಂದರೆ ಅಕ್ಕಪಕ್ಕದಲ್ಲಿ ಎರಡು ರೋಟರ್‌ಗಳಿರುವ ಹೆಲಿಕಾಪ್ಟರ್. ಇವುಗಳ ನಡುವಿನ ಅಂತರ ಎಷ್ಟು ಕಿರಿದೆಂದರೆ, ಒಂದರ ಅಲಗುಗಳು ತಿರುಗುವಾಗ ಇನ್ನೊಂದರ ನಡುದಂಡದ ಮೇಲಿಂದಲೇ ಹಾದುಹೋಗುತ್ತವೆ. ಮೊದಲ ಸಲ ನೋಡಿದವರಿಗೆ ಅಲಗುಗಳು ಇನ್ನೇನು ಬಡಿದುಕೊಂಡು ಪುಡಿಯಾಗುತ್ತವೆ ಎನಿಸುತ್ತದೆ. ಆ ಭಯ ಆಧಾರವಿಲ್ಲದ್ದೇನಲ್ಲ. 1939ರಲ್ಲಿ ಜರ್ಮನಿಯಲ್ಲಿ ಹಾರಿದ ಇಂಥ ಮೊದಲ ಯಂತ್ರ ಹಾಗೆಯೇ ನಾಶವಾಯಿತು. ಆದರೂ ಈ ವಿನ್ಯಾಸ ಕೈಬಿಟ್ಟುಹೋಗಲಿಲ್ಲ. ಭಾರ ಹೊತ್ತು ಗಾಳಿಯಲ್ಲಿ ಒಂದೇ ಕಡೆ ನಿಲ್ಲುವ ಕೆಲಸದಲ್ಲಿ ಇದರ ಜೊತೆ ಸರಿಗಟ್ಟುವ ಹೆಲಿಕಾಪ್ಟರ್‌ಗಳು ಕಡಿಮೆ.

ಎಲ್ಲ ಹೆಲಿಕಾಪ್ಟರ್‌ಗಳಿಗೂ ಒಂದು ಮೂಲ ತೊಡಕಿದೆ. ಎಂಜಿನ್ ರೋಟರನ್ನು ಒಂದು ದಿಕ್ಕಿಗೆ ತಿರುಗಿಸಿದರೆ, ಕೆಳಗಿನ ಒಡಲು ಎದುರು ದಿಕ್ಕಿಗೆ ತಿರುಗಲು ನೋಡುತ್ತದೆ. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಚೇತಕ್, ಧ್ರುವ್ ಸೇರಿದಂತೆ ಬಹುಪಾಲು ಹೆಲಿಕಾಪ್ಟರ್‌ಗಳು ಇದನ್ನು ಬಾಲದಲ್ಲಿರುವ ಚಿಕ್ಕ ರೋಟರ್‌ನಿಂದ ತಡೆಯುತ್ತವೆ. ಉಪಾಯ ಸರಳ, ಆದರೆ ಅದಕ್ಕೆ ಬೆಲೆಯಿದೆ. ಹೆಲಿಕಾಪ್ಟರ್ ಗಾಳಿಯಲ್ಲಿ ನಿಂತಿರುವಾಗ ಎಂಜಿನ್ ಶಕ್ತಿಯ ಸುಮಾರು ಹತ್ತನೇ ಒಂದು ಭಾಗವನ್ನು ಬಾಲದ ರೋಟರೇ ನುಂಗುತ್ತದೆ, ಭಾರ ಎತ್ತಲು ಮಾತ್ರ ಕಿಂಚಿತ್ತೂ ನೆರವಾಗುವುದಿಲ್ಲ. ಒಂದಕ್ಕೊಂದು ಎದುರಾಗಿ ತಿರುಗುವ ಎರಡು ದೊಡ್ಡ ರೋಟರ್‌ಗಳಿದ್ದರೆ ಒಂದರ ತಿರುಚುಬಲವನ್ನು ಇನ್ನೊಂದು ಅಳಿಸಿಹಾಕುತ್ತದೆ, ಪೂರ್ತಿ ಶಕ್ತಿ ಎತ್ತುವುದಕ್ಕೇ ಸಿಗುತ್ತದೆ. ಭಾರತೀಯ ನೌಕಾಪಡೆಯ ಕಾಮೋವ್‌ಗಳಲ್ಲಿ ಈ ಎರಡು ರೋಟರ್‌ಗಳು ಒಂದರ ಮೇಲೊಂದು ಇರುತ್ತವೆ. ವಾಯುಪಡೆಯ ಚಿನೂಕ್‌ನಲ್ಲಿ ಒಂದು ಮುಂದೆ, ಒಂದು ಹಿಂದೆ. ಸಿಂಕ್ರಾಪ್ಟರ್‌ನಲ್ಲಿ ಅವು ಪಕ್ಕಪಕ್ಕದಲ್ಲಿದ್ದು ಒಂದರೊಳಗೊಂದು ಹೆಣೆದುಕೊಂಡು ತಿರುಗುತ್ತವೆ.

ಅಲಗುಗಳು ಬಡಿದುಕೊಳ್ಳದಂತೆ ಕಾಯುವುದು ಎರಡು ಏರ್ಪಾಡುಗಳು. ಮೊದಲನೆಯದು ಗಿಯರ್. ಎರಡೂ ರೋಟರ್‌ಗಳು ಒಂದೇ ಗಿಯರ್‌ಬಾಕ್ಸ್‌ನಿಂದ ಹೊರಡುತ್ತವೆ, ಹಲ್ಲಿಗೆ ಹಲ್ಲು ಕಚ್ಚಿಕೊಂಡಿರುವುದರಿಂದ ಒಂದು ಹಿಂದೆ ಒಂದು ಮುಂದೆ ಆಗುವ ಮಾತೇ ಇಲ್ಲ. ಪ್ರತಿ ರೋಟರ್‌ಗೆ ಸಾಮಾನ್ಯವಾಗಿ ಎರಡೇ ಅಲಗು. ಒಂದರ ಜೋಡಿ ಉದ್ದುದ್ದ ಇದ್ದಾಗ ಇನ್ನೊಂದರದು ಅಡ್ಡಡ್ಡ ಇರುತ್ತದೆ. ಮೊಟ್ಟೆ ಕಡೆಯುವ ಕೈಯಂತ್ರದ ಎರಡು ಸುರುಳಿಗಳು ತಾಗದೆ ತಿರುಗುವುದೂ ಹೀಗೆಯೇ. ಎರಡನೆಯದು ದಂಡಗಳ ಓರೆ. ಎಡದ ದಂಡ ಎಡಕ್ಕೆ, ಬಲದ ದಂಡ ಬಲಕ್ಕೆ ವಾಲಿರುತ್ತದೆ. ಹಾಗಾಗಿ ಪ್ರತಿ ಅಲಗೂ ಒಳಬದಿಗೆ ಬಂದಾಗ ಮೇಲೇರಿ ಪಕ್ಕದ ರೋಟರ್‌ನ ನೆತ್ತಿಯನ್ನು ದಾಟುತ್ತದೆ, ಹೊರಬದಿಗೆ ಹೋದಾಗ ನೆಲದತ್ತ ಇಳಿಯುತ್ತದೆ. ನಿಂತ ಯಂತ್ರದ ಹತ್ತಿರ ಹೋಗುವವರು ಪಕ್ಕದಿಂದ ಹೋಗಬಾರದು, ಪೈಲಟ್‌ನ ಕಣ್ಣಿಗೆ ಬೀಳುವಂತೆ ಎದುರಿನಿಂದಲೇ ಹೋಗಬೇಕು ಎಂಬ ಕಟ್ಟುನಿಟ್ಟು ಬಂದದ್ದು ಇದರಿಂದಲೇ.

ದಂಡ ವಾಲಿದರೆ ಎತ್ತುಬಲ ಪೋಲಾಗುವುದಿಲ್ಲವೇ? ಆಗುತ್ತದೆ, ಆದರೆ ಅತ್ಯಲ್ಪ. 12 ಡಿಗ್ರಿ ಓರೆಗೆ ನಷ್ಟ ನೂರಕ್ಕೆ ಎರಡರಷ್ಟು ಮಾತ್ರ. ಪಕ್ಕಕ್ಕೆ ಎಳೆಯುವ ಬಲಗಳು ಎಡಬಲದಲ್ಲಿ ಸಮವಾಗಿ ಒಂದನ್ನೊಂದು ಕಳೆದುಕೊಳ್ಳುತ್ತವೆ.

ಅಲಗುಗಳ ಡಿಕ್ಕಿ ನೋಡುವವರನ್ನು ಹೆದರಿಸುತ್ತದೆ. ವಿನ್ಯಾಸಕಾರರ ನಿದ್ದೆಗೆಡಿಸಿದ ತೊಡಕುಗಳೇ ಬೇರೆ. ದಂಡಗಳು ಓರೆಯಾಗಿರುವುದರಿಂದ ತಿರುಚುಬಲಗಳು ಪೂರ್ತಿ ಅಳಿಯುವುದಿಲ್ಲ. ಅವುಗಳ ಒಂದು ಪಾಲು ಕೂಡಿಕೊಂಡು ಯಂತ್ರದ ಮೂತಿಯನ್ನು ಎತ್ತಲು ಅಥವಾ ತಗ್ಗಿಸಲು ನೋಡುತ್ತದೆ. ಎಡಬಲಕ್ಕೆ ಮುಖ ತಿರುಗಿಸುವುದು ಇನ್ನೂ ಸೂಕ್ಷ್ಮ. ಬಾಲದ ರೋಟರ್ ಇಲ್ಲದ ಕಾರಣ, ಒಂದು ರೋಟರ್‌ನ ಅಲಗುಗಳ ಕೋನ ಹೆಚ್ಚಿಸಿ ಇನ್ನೊಂದರದು ತಗ್ಗಿಸಿ, ತಿರುಚುಬಲಗಳ ಸಮತೋಲವನ್ನು ಬೇಕೆಂದೇ ಕೆಡಿಸಬೇಕು. ಎಂಜಿನ್ ನಿಂತು, ಕೆಳಗಿನಿಂದ ನುಗ್ಗುವ ಗಾಳಿಯ ಬಲದಿಂದಲೇ ರೋಟರ್ ತಿರುಗುತ್ತ ಇಳಿಯುವಾಗ ಈ ಉಪಾಯ ಸೊರಗುತ್ತದೆ, ಕೆಲವೊಮ್ಮೆ ತಿರುವುಮುರುವೂ ಆಗಬಹುದು. ಸಿಂಕ್ರಾಪ್ಟರ್‌ಗಳ ಹಿಂಬದಿಯಲ್ಲಿ ಕಾಣುವ ಅಗಲವಾದ ಬಾಲಪಟ್ಟಿಗಳ ಹಿಂದೆ ಈ ತಲೆನೋವುಗಳ ಕಥೆಯಿದೆ.

ಈ ಹಾದಿಯನ್ನು ಮೊದಲು ಹಾರಿ ತೋರಿಸಿದವನು ಜರ್ಮನಿಯ ಆಂಟನ್ ಫ್ಲೆಟ್ನರ್ (1885–1961). ತಿರುಗುವ ವಸ್ತುವಿನ ಮೇಲೆ ಗಾಳಿ ಬೀರುವ ಬಲ ಅವನ ಜೀವನವಿಡೀ ಕಾಡಿದ ವಿಷಯ. 1924ರಲ್ಲಿ ಹಾಯಿಪಟಗಳ ಬದಲು ಎತ್ತರದ ಉರುಳೆಗಳನ್ನು ತಿರುಗಿಸಿ ಸಾಗುವ 'ಬುಕೌ' ಹಡಗನ್ನು ರೂಪಿಸಿದವನೂ ಅವನೇ. ಅದು 1926ರಲ್ಲಿ ಅಟ್ಲಾಂಟಿಕ್ ದಾಟಿ ನ್ಯೂಯಾರ್ಕ್ ತಲುಪಿತು. ಹೆಲಿಕಾಪ್ಟರ್‌ಗಳ ವಿಷಯದಲ್ಲಿ ಜರ್ಮನಿಯವನೇ ಆದ ಹೈನ್ರಿಶ್ ಫೋಕೆ ಹಿಡಿದ ದಾರಿ ಬೇರೆ. 1936ರಲ್ಲಿ ಹಾರಿದ ಅವನ ಎಫ್‌ಡಬ್ಲ್ಯು 61ರ ರೋಟರ್‌ಗಳು ಉದ್ದನೆಯ ತೋಳುಗಳ ತುದಿಯಲ್ಲಿದ್ದವು. ತೋಳು ಎಂದರೆ ತೂಕ, ಗಾಳಿಗೆ ತಡೆ. ಫ್ಲೆಟ್ನರ್ ಎರಡೂ ರೋಟರ್‌ಗಳನ್ನು ಒಡಲಿನ ಮೇಲಕ್ಕೇ ತಂದು ತೋಳುಗಳನ್ನೇ ತೆಗೆದುಹಾಕಿದ.

ಹೀಗೆ ಹುಟ್ಟಿದ ಎಫ್‌ಎಲ್ 265 ಯಂತ್ರ 1939ರ ಮೇ ತಿಂಗಳಲ್ಲಿ ಹಾರಿತು. ಮೊದಲ ಮಾದರಿ ಅಲಗುಗಳು ಬಡಿದುಕೊಂಡು ಹಾಳಾದರೂ ಉಳಿದವುಗಳ ಪರೀಕ್ಷೆ ನಿಲ್ಲಲಿಲ್ಲ. ಅದರ ಬೆನ್ನಿಗೇ ಬಂತು ಎಫ್‌ಎಲ್ 282, ಕೋಲಿಬ್ರಿ. 160 ಅಶ್ವಶಕ್ತಿಯ ಸೀಮೆನ್ಸ್ ಎಂಜಿನ್, ಸುಮಾರು 12 ಮೀಟರ್ ವ್ಯಾಸದ ರೋಟರ್‌ಗಳು, ಹೆಚ್ಚೆಂದರೆ 1,000 ಕಿಲೋ ತೂಕ. ಅಲಗುಗಳ ಒಳಗೆ ಉಕ್ಕಿನ ಕೊಳವೆ, ಅದಕ್ಕೆ ಮರದ ಪಕ್ಕೆಲುಬು. ಜರ್ಮನ್ ನೌಕಾಪಡೆ ಇದನ್ನು ಹಡಗುಗಳ ಮೇಲಿಂದ ಹಾರಿಸಿ ಪರೀಕ್ಷಿಸಿತು, ಜಲಾಂತರ್ಗಾಮಿಗಳ ಹುಡುಕಾಟಕ್ಕೆ ಬಳಸಿತು. 1944ರಲ್ಲಿ ಬಿಎಂಡಬ್ಲ್ಯು ಸಂಸ್ಥೆಗೆ 1,000 ಯಂತ್ರಗಳ ಬೇಡಿಕೆ ಹೋಯಿತು. ಆದರೆ ಬಾಂಬ್ ದಾಳಿಗೆ ಕಾರ್ಖಾನೆ ಸಿಕ್ಕಿ, ಕೊನೆಗೆ ತಯಾರಾದದ್ದು ಎರಡು ಡಜನ್‌ನಷ್ಟು ಮಾತ್ರ.

ಫ್ಲೆಟ್ನರ್ ಜೊತೆ ಗಣಿತದ ಹೊರೆ ಹೊತ್ತವನು ಕುರ್ಟ್ ಹೋಹೆನೆಮ್ಸರ್. ಅವನ ತಂದೆ ಯಹೂದಿ. ನಾಜಿ ಆಳ್ವಿಕೆಯಲ್ಲಿ ಅಂಥವನೊಬ್ಬ ಯುದ್ಧದ ಕೊನೆಯವರೆಗೂ ಕೆಲಸದಲ್ಲಿ ಉಳಿದದ್ದು ಈ ಇತಿಹಾಸದ ಮರೆಯಬಾರದ ಪುಟ. ಯುದ್ಧದ ನಂತರ ಇಬ್ಬರೂ ಅಮೆರಿಕಕ್ಕೆ ಹೋದರು.

ಅಮೆರಿಕದಲ್ಲಿ ಕೆಲೆಟ್ ಕಂಪನಿ 1944ರಲ್ಲೇ ಎಕ್ಸ್‌ಆರ್-8 ಎಂಬ ಹೆಣೆದ ರೋಟರ್‌ಗಳ ಯಂತ್ರವನ್ನು ಹಾರಿಸಿತ್ತು. ಅದು ಮುಂದಕ್ಕೆ ಸಾಗಲಿಲ್ಲ. ಬೇರು ಬಿಟ್ಟದ್ದು ಚಾರ್ಲ್ಸ್ ಕಾಮನ್ (1919–2011) ಕೈಯಲ್ಲಿ. 1945ರ ಡಿಸೆಂಬರ್‌ನಲ್ಲಿ, 26ನೇ ವಯಸ್ಸಿನಲ್ಲಿ, ಗೆಳೆಯರಿಂದ ಪಡೆದ 2,000 ಡಾಲರ್‌ನೊಂದಿಗೆ ಅವನು ಕನೆಕ್ಟಿಕಟ್ ರಾಜ್ಯದಲ್ಲಿ ಕಂಪನಿ ತೆರೆದ. ಅವನ ಬಂಡವಾಳದಲ್ಲಿ ಎಲ್ಲಕ್ಕಿಂತ ದೊಡ್ಡದು ಸರ್ವೋ ಫ್ಲಾಪ್ ಎಂಬ ಒಂದು ಕಲ್ಪನೆ. ಅಲಗಿನ ಹಿಂಬದಿಯ ಅಂಚಿನಲ್ಲಿ, ತುದಿಗೆ ಹತ್ತಿರವಾಗಿ, ಒಂದು ಪುಟ್ಟ ರೆಕ್ಕೆ. ಪೈಲಟ್ ಅಷ್ಟು ದೊಡ್ಡ ಅಲಗನ್ನು ಬುಡದಿಂದ ತಿರುಚಬೇಕಾಗಿಲ್ಲ. ಈ ಪುಟ್ಟ ರೆಕ್ಕೆಯನ್ನು ಅಲುಗಿಸಿದರೆ ಸಾಕು, ಗಾಳಿಯೇ ಅಲಗನ್ನು ಬೇಕಾದ ಕೋನಕ್ಕೆ ತಿರುಚಿಕೊಡುತ್ತದೆ. ಇದರಿಂದ ಹೈಡ್ರಾಲಿಕ್ ವ್ಯವಸ್ಥೆಯ ತೂಕವೂ ತಪ್ಪಿತು, ರಿಪೇರಿಯೂ ತಪ್ಪಿತು. ಇಡೀ ವಿನ್ಯಾಸದಲ್ಲಿ ಇದಕ್ಕಿಂತ ಚೆಲುವಾದ ಯೋಚನೆ ಇನ್ನೊಂದಿಲ್ಲ. ಅಲಗುಗಳ ಕಂಪನವನ್ನು ಅರೆದು ಕುಡಿದಿದ್ದ ಕಾಮನ್ ಒಳ್ಳೆಯ ಗಿಟಾರ್ ವಾದಕನೂ ಆಗಿದ್ದ. ಮುಂದೆ ಅದೇ ತಿಳಿವಿನಿಂದ ದುಂಡು ಬೆನ್ನಿನ ಒವೇಶನ್ ಗಿಟಾರ್‌ಗಳನ್ನು ತಯಾರಿಸಿದ.

ಅವನ ಮೊದಲ ಹೆಲಿಕಾಪ್ಟರ್ ಕೆ-125 ಹಾರಿದ್ದು 1947ರ ಜನವರಿಯಲ್ಲಿ. 1951ರ ಡಿಸೆಂಬರ್‌ನಲ್ಲಿ ಅವನ ಕೆ-225 ಯಂತ್ರಕ್ಕೆ ಬೋಯಿಂಗ್‌ನ ಚಿಕ್ಕ ಅನಿಲ ಟರ್ಬೈನ್ ಜೋಡಿಸಿ ಹಾರಿಸಲಾಯಿತು. ಟರ್ಬೈನ್ ಬಲದಿಂದ ರೋಟರ್ ತಿರುಗಿಸಿ ಹಾರಿದ ಜಗತ್ತಿನ ಮೊದಲ ಹೆಲಿಕಾಪ್ಟರ್ ಅದು. ಇಂದು ಅದು ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ.

ಅನಂತರದ ಎಚ್-43 ಹಸ್ಕಿ ಅಮೆರಿಕದ ವಾಯುಪಡೆಯ ನೆಲೆಗಳಲ್ಲಿ ಬೆಂಕಿ ಆರಿಸುವ, ಜೀವ ಉಳಿಸುವ ಯಂತ್ರವಾಯಿತು. ವಿಮಾನ ಬಿದ್ದು ಬೆಂಕಿ ಹೊತ್ತಿಕೊಂಡರೆ ಹಸ್ಕಿ ನೊರೆ ತುಂಬಿದ ಗುಂಡನೆಯ ತೊಟ್ಟಿಯನ್ನು ಜೋತುಬಿಟ್ಟುಕೊಂಡು ಹೊರಡುತ್ತಿತ್ತು. ನೊರೆಯ ತೊಟ್ಟಿಯನ್ನೂ ಸಿಬ್ಬಂದಿಯನ್ನೂ ಇಳಿಸಿ, ತಾನು ಮೇಲೆ ನಿಂತು, ರೋಟರ್‌ಗಳ ಗಾಳಿಯಿಂದ ಜ್ವಾಲೆಯನ್ನು ಹಿಂದಕ್ಕೆ ತಳ್ಳಿ ಅವರಿಗೆ ದಾರಿ ಬಿಡಿಸುತ್ತಿತ್ತು. 1961ರ ಅಕ್ಟೋಬರ್‌ನಲ್ಲಿ ಒಂದು ಹಸ್ಕಿ 10,000 ಮೀಟರ್ ಎತ್ತರ ದಾಟಿ ದಾಖಲೆ ಬರೆಯಿತು.

ವಿಯೆಟ್ನಾಂನಲ್ಲಿ ಹಸ್ಕಿಗಳನ್ನು ಅವುಗಳ ರೇಡಿಯೋ ಹೆಸರಾದ 'ಪೆಡ್ರೋ' ಎಂದೇ ಕರೆಯುತ್ತಿದ್ದರು. 1966ರ ಏಪ್ರಿಲ್ 11ರಂದು ವಿಲಿಯಂ ಪಿಟ್ಸೆನ್‌ಬಾರ್ಗರ್ ಎಂಬ 21ರ ಹರೆಯದ ರಕ್ಷಣಾ ಸೈನಿಕ ಇಂಥದೊಂದು ಹೆಲಿಕಾಪ್ಟರ್‌ನಿಂದ ಹಗ್ಗ ಹಿಡಿದು ಕಾಳಗದ ನಡುವೆ ಇಳಿದ. ಗಾಯಾಳುಗಳನ್ನು ಒಬ್ಬೊಬ್ಬರಾಗಿ ಮೇಲೆ ಕಳಿಸಿದ. ಗುಂಡೇಟು ತಿಂದ ಹೆಲಿಕಾಪ್ಟರ್ ಹಿಂದಿರುಗಬೇಕಾದಾಗ ತಾನು ಹತ್ತದೆ ಅಲ್ಲೇ ಉಳಿದು, ಗಾಯಾಳುಗಳ ಆರೈಕೆ ಮಾಡುತ್ತ ಪ್ರಾಣ ಬಿಟ್ಟ. 2000ದಲ್ಲಿ ಅಮೆರಿಕ ಅವನಿಗೆ ಮರಣೋತ್ತರವಾಗಿ ತನ್ನ ಅತ್ಯುನ್ನತ ಶೌರ್ಯಪದಕವನ್ನು ನೀಡಿತು.

ಹೆಣೆದ ರೋಟರ್‌ಗಳ ಗುಣವೆಲ್ಲ ಗಟ್ಟಿಯಾಗಿ ಕಾಣುವುದು 1991ರ ಡಿಸೆಂಬರ್‌ನಲ್ಲಿ ಮೊದಲು ಹಾರಿದ, ಕಾಮನ್ ಕಂಪನಿಯ ಕೆ-ಮ್ಯಾಕ್ಸ್‌ನಲ್ಲಿ. ಹಗ್ಗಕ್ಕೆ ಭಾರ ಕಟ್ಟಿ ಎತ್ತುವುದಕ್ಕೆಂದೇ ಇದನ್ನು ರೂಪಿಸಲಾಯಿತು. ಆಸನ ಒಂದೇ. ತೂಗಾಡುವ ಹೊರೆಯನ್ನು ಪೈಲಟ್ ಬಗ್ಗಿ ನೋಡಲೆಂದು ಪಕ್ಕದ ಕಿಟಕಿಗಳು ಉಬ್ಬಿಕೊಂಡಿವೆ. ಇಕ್ಕಟ್ಟಾದ ಮರಗಳ ನಡುವೆಯೂ ತೂರಲೆಂದು ಒಡಲು ಕತ್ತಿಯಂತೆ ಸಪೂರ. ಬರಿ ತೂಕ ಸುಮಾರು 2,300 ಕಿಲೋ. ಎತ್ತುವುದು 2,700 ಕಿಲೋಗೂ ಮಿಕ್ಕಿ. ತನಗಿಂತ ಭಾರವಾದುದನ್ನು ಹೊರುವ ಈ ಯಂತ್ರ ಕಾಡಿನಲ್ಲಿ ದಿಮ್ಮಿ ಸಾಗಿಸಲು, ಕಾಳ್ಗಿಚ್ಚಿಗೆ ನೀರು ಸುರಿಯಲು, ಬೆಟ್ಟದ ಮೇಲೆ ಕಂಬ ನೆಡಲು ಹೇಳಿ ಮಾಡಿಸಿದಂತಿದೆ. ವೇಗ ಕೇಳಬಾರದು. ಎರಡು ದಂಡ, ಎರಡು ನಡುಗುಂಬಗಳಿಗೆ ಗಾಳಿ ಒಡ್ಡುವ ತಡೆಯಿಂದಾಗಿ ಗಂಟೆಗೆ 185 ಕಿಲೋಮೀಟರ್ ಅದರ ಮಿತಿ. ವೇಗವನ್ನೇ ಬೇಡುವ ಮಾರುಕಟ್ಟೆಯಲ್ಲಿ ಸಿಂಕ್ರಾಪ್ಟರ್‌ಗಳು ವಿರಳವಾಗಿ ಉಳಿದದ್ದಕ್ಕೆ ಮುಖ್ಯ ಕಾರಣ ಇದೇ.

ಕಾಮನ್ ಕಂಪನಿಯೂ ಲಾಕ್‌ಹೀಡ್ ಮಾರ್ಟಿನ್ ಕಂಪನಿಯೂ ಸೇರಿ ಇದರ ಪೈಲಟ್‌ರಹಿತ ರೂಪವನ್ನು ಸಿದ್ಧಪಡಿಸಿದವು. 2011ರ ಡಿಸೆಂಬರ್‌ನಿಂದ 2014ರವರೆಗೆ ಅದು ಅಫ್ಘಾನಿಸ್ತಾನದಲ್ಲಿ ಅಮೆರಿಕದ ಮರೀನ್ ದಳದ ದೂರದ ನೆಲೆಗಳಿಗೆ ಸರಕು ಮುಟ್ಟಿಸಿತು, ಒಟ್ಟು 2,000 ಟನ್‌ಗೂ ಹೆಚ್ಚು. ನೆಲಬಾಂಬ್‌ಗಳ ದಾರಿಯಲ್ಲಿ ಅಷ್ಟೂ ಸರಕನ್ನು ಲಾರಿಗಳಲ್ಲಿ ಒಯ್ಯುವ ಅಪಾಯ ತಪ್ಪಿತು.

ಕೆ-ಮ್ಯಾಕ್ಸ್ ತಯಾರಿಕೆ 2003ರಲ್ಲಿ ನಿಂತು, ಬೇಡಿಕೆ ಬಂದು 2015ರಲ್ಲಿ ಮತ್ತೆ ಶುರುವಾಯಿತು. 2023ರಲ್ಲಿ ಕಂಪನಿ ಅದನ್ನು ಮತ್ತೆ ನಿಲ್ಲಿಸುವುದಾಗಿ ಸಾರಿತು. ಫ್ಲೆಟ್ನರ್ ವಿನ್ಯಾಸ ಈಗ ಚಿಕ್ಕ ಗಾತ್ರಕ್ಕೆ ಇಳಿದಿದೆ. ಸ್ವಿಟ್ಜರ್ಲೆಂಡಿನ ಸ್ವಿಸ್‌ಡ್ರೋನ್ಸ್ ಕಂಪನಿ ತಯಾರಿಸುವ ಎಸ್‌ಡಿಒ 50 ಡ್ರೋನ್‌ನಲ್ಲಿ ಎರಡು ರೋಟರ್‌ಗಳು ಹೀಗೆಯೇ ಹೆಣೆದುಕೊಂಡು ತಿರುಗುತ್ತವೆ.