ಖಿನ್ನತೆಯ ಚಿಕಿತ್ಸೆಯಲ್ಲಿ ದಾದಿಯರು

ಚಿಕಿತ್ಸೆಗೆ ನಾಲ್ಕು ಪಾದಗಳುಂಟೆಂದು ಚರಕಸಂಹಿತೆಯು ಎಣಿಸಿರುವುದು: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚ ಎಂಬ ನಾಲ್ಕು ಗುಣಗಳು ಇರತಕ್ಕವೆಂದೂ ಅಲ್ಲಿ ವಿಧಿಸಿದೆ. ಮೈಯ ರೋಗಗಳಲ್ಲಿ ಈ ಮೂರನೆಯ ಪಾದದ ಬೆಲೆಯನ್ನು ಯಾರೂ ಅಲ್ಲಗಳೆಯಲಾರರು. ಮನಸ್ಸಿನ ರೋಗಗಳಲ್ಲಿ, ಅದರಲ್ಲಿಯೂ ಖಿನ್ನತೆಯಲ್ಲಿ, ಅದು ಬಹುಕಾಲ ಕಣ್ಣಿಗೆ ಬೀಳದೆ ಇದ್ದು ಈಚೆಗೆ ಮುಂದೆ ಬಂದಿತು. ಅದು ಹೇಗೆ ಬಂದಿತೆಂಬುದು ತುಮಕೂರು ಸೀಮೆಯ ಮನೆಗಳವರು ಅರಿಯತಕ್ಕ ಚರಿತ್ರೆಯಾಗಿದೆ.

ಹತ್ತೊಂಬತ್ತನೆಯ ಶತಮಾನದ ನಡುವೆ ಬೆಂಗಳೂರಿನಲ್ಲಿ ಹುಚ್ಚರ ಆಶ್ರಯಶಾಲೆಯೊಂದು ಏರ್ಪಟ್ಟಿತು. ಅದಕ್ಕೆ ಮಾನಸಿಕ ಆಸ್ಪತ್ರೆಯೆಂಬ ಹೆಸರು ಬಂದುದು 1925ರಲ್ಲಿ. ಹೆಸರಿನೊಡನೆ ಭಾವವೂ ಬದಲಾಯಿತು, ಕೂಡಿಡತಕ್ಕವರು ಗುಣಪಡಿಸತಕ್ಕವರಾದರು. ಆದರೂ ಕೂಗಾಡುವವರನ್ನು ಬಂಧುಗಳು ಅಲ್ಲಿಗೆ ಕರೆದೊಯ್ದರೇ ಹೊರತು, ಊಟ ನಿದ್ರೆಗಳನ್ನು ತೊರೆದು ಮೂಲೆಯಲ್ಲಿ ಮೌನವಾಗಿ ಕುಳಿತವರನ್ನು ಒಯ್ಯಲಿಲ್ಲ. ಅಂಥವರ ದುಃಖವನ್ನು ಗ್ರಹಚಾರವೆಂದೋ ಸೋಮಾರಿತನವೆಂದೋ ಕರೆದು ಮನೆಯವರು ಸುಮ್ಮನಾದರು.

1954ರಲ್ಲಿ ಆ ಆಸ್ಪತ್ರೆಯ ಜತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಹುಟ್ಟಿತು. ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ವೈದ್ಯರಿಗೆ ಮಾತ್ರವಲ್ಲದೆ ದಾದಿಯರಿಗೂ ಮನೋರೋಗ ಶುಶ್ರೂಷೆಯಲ್ಲಿ ಪ್ರತ್ಯೇಕ ಶಿಕ್ಷಣವು ಅಲ್ಲಿ ಮೊದಲಾಯಿತು. ಬಾಗಿಲು ಕಾಯುವ ಕೆಲಸವು ಆಲಿಸುವ ಕೆಲಸವಾಗಿ ಮಾರ್ಪಟ್ಟುದಕ್ಕೆ ಇದೇ ನಾಂದಿ. 1974ರಲ್ಲಿ ಎರಡೂ ಒಂದುಗೂಡಿ ನಿಮ್ಹಾನ್ಸ್ ಆಯಿತು. ಮರುವರ್ಷ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ, ಹಳ್ಳಿಯ ಆರೋಗ್ಯ ಕಾರ್ಯಕರ್ತರೇ ರೋಗವನ್ನು ಗುರುತಿಸಿ ಪ್ರಾಥಮಿಕ ಕೇಂದ್ರದ ವೈದ್ಯರಿಂದ ಔಷಧ ಕೊಡಿಸುವ ಪ್ರಯೋಗವು ನಡೆಯಿತು. 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೂ, ಆ ದಶಕದಲ್ಲಿಯೇ ಬಳ್ಳಾರಿಯಲ್ಲಿ ನಡೆದ ಜಿಲ್ಲಾ ಪ್ರಯೋಗಕ್ಕೂ, 1996ರಲ್ಲಿ ಹೊರಟ ಜಿಲ್ಲಾ ಕಾರ್ಯಕ್ರಮಕ್ಕೂ ಇಂಥ ಅನುಭವವೇ ತಳಹದಿ. ಜಿಲ್ಲೆಯ ತಂಡದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜಕಾರ್ಯಕರ್ತರು, ದಾದಿಯರು ಜತೆಯಾಗಿರಬೇಕೆಂಬುದು ಅದರ ನಿಯಮ. 2014ರಲ್ಲಿ ಕರ್ಣಾಟಕ ಸರ್ಕಾರವು ಮನೋಚೈತನ್ಯವೆಂಬ ಹೆಸರಿನಲ್ಲಿ, ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ದಿನ ಮನೋವೈದ್ಯರನ್ನು ಬರಮಾಡುವ ಏರ್ಪಾಟನ್ನು ಹೂಡಿತು.

ವೈದ್ಯರು ಗುಬ್ಬಿಗೋ ಕುಣಿಗಲಿಗೋ ಒಂದು ದಿನ ಬಂದುಹೋದರೆ ಸಾಲದೆ? ಖಿನ್ನತೆಯ ಸ್ವಭಾವವನ್ನು ಬಲ್ಲವರು ಸಾಲದೆನ್ನುವರು. ಈ ರೋಗಿಯು ದುಃಖವೆಂದು ಹೇಳಿಕೊಂಡು ಬರುವುದು ಅಪರೂಪ. ತಲೆನೋವು, ಮೈಕೈನೋವು, ನಿದ್ರೆಯಿಲ್ಲದಿರುವುದು, ಆಯಾಸ ಎಂದು ಬರುವನು. ಔಷಧವು ಫಲಕೊಡಲು ಎರಡರಿಂದ ನಾಲ್ಕು ವಾರಗಳಾದರೂ ಹಿಡಿಯುವುದು. ಅಷ್ಟರಲ್ಲಿ ನಿರಾಶೆಯಿಂದ ಅನೇಕರು ಮಾತ್ರೆಯನ್ನು ಬಿಡುವರು; ತುಸು ಗುಣವಾದೊಡನೆ ಬಿಡುವವರು ಮತ್ತಷ್ಟು ಮಂದಿ. ಗುಣಕಂಡ ಮೇಲೂ ಆರು ತಿಂಗಳಾದರೂ ಚಿಕಿತ್ಸೆ ಮುಂದುವರಿಯದಿದ್ದರೆ ರೋಗವು ಮರುಕಳಿಸುವ ಭಯವುಂಟು. ಈ ದೀರ್ಘಾವಧಿಯಲ್ಲಿ ರೋಗಿಯ ಹತ್ತಿರ ಇರತಕ್ಕವರು ದಾದಿಯರು. ನಿಗದಿಯಾದ ಪ್ರಶ್ನೆಗಳಿಂದ ರೋಗದ ಏರಿಳಿತವನ್ನು ಅಳೆಯುವುದು, ಬಾರದವರನ್ನು ವಿಚಾರಿಸಿ ಕರೆಸುವುದು, ಬದುಕು ಬೇಡವೆನಿಸುತ್ತಿದೆಯೆ ಎಂದು ಅಳುಕದೆ ಕೇಳಿ ತಕ್ಷಣ ವೈದ್ಯರಿಗೆ ತಿಳಿಸುವುದು ಅವರ ಕೆಲಸ. ಹಾಗೆ ಕೇಳಿದರೆ ಆತ್ಮಹತ್ಯೆಯ ಯೋಚನೆ ಹುಟ್ಟುವುದೆಂಬ ಅಂಜಿಕೆಗೆ ಆಧಾರವಿಲ್ಲ. ಕೇಳಿಸಿಕೊಂಡವರಿಗೆ ಎದೆಯ ಭಾರವನ್ನು ಇಳಿಸಲು ಎಡೆ ದೊರೆಯುವುದು.

1884ರಲ್ಲಿ ನಾಟಕಮಂಡಲಿಯನ್ನು ಕಟ್ಟಿದ ಗುಬ್ಬಿಯ ಜನಕ್ಕೆ ಈ ತತ್ತ್ವವನ್ನು ವಿವರಿಸಬೇಕಾಗಿಲ್ಲ. ರಾಜಪಾತ್ರದ ನಟನೊಬ್ಬನಿಂದ ಆಟ ನಡೆಯದು. ಪರದೆಯ ಹಿಂದೆ ದೀಪ ಹಿಡಿದವನೂ ಬೇಕು.

ತಂಡದ ಚಿಕಿತ್ಸೆಗೆ ಪ್ರಮಾಣಗಳೂ ಉಂಟು. 2002ರಲ್ಲಿ ಅಮೆರಿಕದ 18 ಚಿಕಿತ್ಸಾಲಯಗಳ 1,801 ಮಂದಿ ವೃದ್ಧರ ಪರೀಕ್ಷೆಯು ಪ್ರಕಟವಾಯಿತು. ದಾದಿಯೋ ಮನಶ್ಶಾಸ್ತ್ರಜ್ಞರೋ ಬೆನ್ನುಹತ್ತಿ ನೋಡಿಕೊಂಡವರಲ್ಲಿ ವರ್ಷದ ಕೊನೆಗೆ ನೂರಕ್ಕೆ 45 ಮಂದಿಯ ಖಿನ್ನತೆ ಅರ್ಧಕ್ಕಿಂತ ಕಡಮೆಯಾಗದಂತೆ ಇಳಿಯಿತು. ವಾಡಿಕೆಯ ಚಿಕಿತ್ಸೆಯವರಲ್ಲಿ ಹಾಗಾದವರು 19 ಮಂದಿ ಮಾತ್ರ. 2020ರಲ್ಲಿ ಪ್ರಕಟವಾದ, ಬೆಂಗಳೂರೂ ಸೇರಿದಂತೆ ನಾಲ್ಕು ಚಿಕಿತ್ಸಾಲಯಗಳ 404 ಮಂದಿ ಮಧುಮೇಹಿಗಳ ಪರೀಕ್ಷೆಯಲ್ಲಿಯೂ ತಂಡದ ಆರೈಕೆಯೇ ಮೇಲಾಯಿತು. ಕುಣಿಗಲಿನ ನೆರೆಯ ಆಗಿನ ರಾಮನಗರ ಜಿಲ್ಲೆಯ ಪ್ರಾಥಮಿಕ ಕೇಂದ್ರಗಳಲ್ಲಿ ಇಂಥದೇ ಪ್ರಯೋಗವು ನಡೆದಿದೆ. ಗುಬ್ಬಿ ಕುಣಿಗಲುಗಳಿಗೆ ಹೊಂದಿದ ತುರುವೇಕೆರೆ ತಾಲ್ಲೂಕಿನಲ್ಲಿ ನಿಮ್ಹಾನ್ಸಿನವರು ಚಿತ್ತವಿಕಲತೆಯ ರೋಗಿಗಳನ್ನು ಹಳ್ಳಿಗಳಲ್ಲಿಯೇ ಗುರುತಿಸಿ ವರ್ಷಗಟ್ಟಲೆ ಉಪಚರಿಸಿರುವರು. ಕಠಿನತರವಾದ ರೋಗದಲ್ಲಿ ಸಾಧ್ಯವಾದುದು ಖಿನ್ನತೆಯಲ್ಲಿ ಅಸಾಧ್ಯವೆನ್ನಲು ಕಾರಣವಿಲ್ಲ.

ಆದರೆ ಕೊರತೆ ಇನ್ನೂ ದೊಡ್ಡದು. 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಸಮೀಕ್ಷೆಯಂತೆ ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರು ಜೀವಮಾನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿರುವರು. ಅಂಥವರಲ್ಲಿ ಬಹುಮಂದಿಗೆ ಚಿಕಿತ್ಸೆ ದೊರೆತಿಲ್ಲ. 2017ರ ಮಾನಸಿಕ ಆರೋಗ್ಯ ಪಾಲನೆಯ ಕಾನೂನು ಮನೋರೋಗದ ದಾದಿಯರನ್ನು ವೃತ್ತಿನಿಪುಣರೆಂದು ನೋಂದಾಯಿಸಲು ಎಡೆಮಾಡಿದೆ. ಹೆರಿಗೆ, ಚುಚ್ಚುಮದ್ದು, ಲೆಕ್ಕದ ಪುಸ್ತಕಗಳ ನಡುವೆ ಇದನ್ನೂ ಹೊತ್ತುಕೊಳ್ಳೆಂದು ದಾದಿಗೆ ವಿಧಿಸಿದಲ್ಲಿ ಆ ಮನ್ನಣೆಯು ಕಾಗದದ ಮೇಲೆಯೇ ಉಳಿಯುವುದು. ಆಲಿಸುವುದಕ್ಕೆ ವೇಳೆ ಬೇಕು. ವೇಳೆಯನ್ನು ಒದಗಿಸುವುದು ಸರ್ಕಾರದ ಹೊಣೆ.

ಮನೆಯವರ ಹೊಣೆಯೂ ಉಂಟು. ಎರಡು ವಾರಗಳಿಗೆ ಮೀರಿ ಮಂಕಾಗಿರುವವರನ್ನು ಗದರಿಸದೆ ಆಸ್ಪತ್ರೆಗೆ ಕರೆತರುವುದು, ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು, ಅವಸರವಾದರೆ 2022ರಲ್ಲಿ ಸ್ಥಾಪಿತವಾದ ಟೆಲಿ ಮಾನಸ್‌ನ 14416 ಎಂಬ ದೂರವಾಣಿಗೆ ಕರೆಮಾಡುವುದು ಎಲ್ಲರಿಗೂ ಸಾಧ್ಯ. ಚರಕನು ಬಯಸಿದ ಅನುರಾಗವೆಂಬ ಗುಣವು ಆಸ್ಪತ್ರೆಯ ದಾದಿಗೆ ಎಷ್ಟು ಅಗತ್ಯವೋ ಮನೆಯ ಒಡತಿಗೂ ಒಡೆಯನಿಗೂ ಅಷ್ಟೇ ಅಗತ್ಯ.