ಏರಿ ರಸ್ತೆಯ ಆಯಸ್ಸು

ಕಾರು ಮಗುಚಿದರೂ ಎದ್ದುಬಂದವನ ಬಗ್ಗೆ ಮಂಡ್ಯ ಸೀಮೆಯ ಹಳ್ಳಿಗಳು ಆಡುವ ಮಾತು ಒಂದೇ: ‘ಆಯಸ್ಸು ಗಟ್ಟಿಗಿತ್ತು, ಉಳ್ಕಂಡ.’ ಗಂಜಾಂನ ನಿಮಿಷಾಂಬೆಗೋ ಆದಿಚುಂಚನಗಿರಿಯ ಭೈರವನಿಗೋ ಹರಕೆ ಸಂದಮೇಲೆ, ರಿಪೇರಿಯಾದ ಗಾಡಿಯ ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾದಮೇಲೆ ಆ ಪ್ರಸಂಗ ಮುಗಿಯಿತು. ಪತ್ರಿಕೆಗಳೂ ‘ಕೂದಲೆಳೆ ಅಂತರದಲ್ಲಿ ಪಾರು’ ಎಂದು ಎರಡು ಸಾಲು ಬರೆದು ಸುಮ್ಮನಾಗುತ್ತವೆ. ಆದರೆ ಆ ಕೂದಲೆಳೆಗೂ ಒಂದು ಚರಿತ್ರೆಯಿದೆ. ಯಾರು ಉಳಿದರು, ಯಾರು ಹೋದರು ಎಂಬುದನ್ನು ಈ ತಾಲ್ಲೂಕುಗಳಲ್ಲಿ ಹಣೆಬರಹಕ್ಕಿಂತ ಹೆಚ್ಚಾಗಿ ನಾಲೆಯ ಏರಿ, ತಡೆಗೋಡೆ ಮತ್ತು ಆಸ್ಪತ್ರೆಯ ದೂರ ತೀರ್ಮಾನಿಸಿವೆ ಎಂಬುದು ನನ್ನ ವಾದ.

ಶ್ರೀರಂಗಪಟ್ಟಣದ ಸುತ್ತ ನಾಲೆಗಳು ಹೊಸವಲ್ಲ. ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಯ ಸಾಗರ ನಾಲೆ ಒಡೆಯರ ಕಾಲದವು. ಅವುಗಳ ದಡದಲ್ಲಿ ಜನ, ದನ, ಗಾಡಿ ಎತ್ತಿನ ಹೆಜ್ಜೆಯ ವೇಗದಲ್ಲಿ ಓಡಾಡಿದವು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸದ ಬೆನ್ನಲ್ಲೇ ಬಂದ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಬೇರೆಯೇ ಅಳತೆಯದು. ಹುಲಿಕೆರೆಯಲ್ಲಿ ಗುಡ್ಡದ ಹೊಟ್ಟೆ ಕೊರೆದು ಸುರಂಗ ಮಾಡಿ, 1930ರ ದಶಕದ ಆರಂಭದಲ್ಲಿ ಒಣಭೂಮಿಗೆ ಕಾವೇರಿಯನ್ನು ಹರಿಸಿದರು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ, 1939ರಲ್ಲಿ ಮಂಡ್ಯ ಜಿಲ್ಲೆ. ನೀರಿನ ಜೊತೆಗೆ ಏರಿಯೂ ಬಂತು. ಇಂಜಿನಿಯರು ನಾಲೆ ನೋಡಿಕೊಳ್ಳಲಿ, ನೀರು ಬಿಡುವ ಸೌಡಿ ತೂಬಿನವರೆಗೆ ಹೋಗಿಬರಲಿ ಎಂದು ಹಾಕಿದ ಮಣ್ಣಿನ ದಾರಿ ಅದು. ಅದರ ಮೇಲೆ ಮೊದಲು ಕಬ್ಬಿನ ಗಾಡಿ ಬಂತು, ಆಮೇಲೆ ಟ್ರ್ಯಾಕ್ಟರ್, ಆಮೇಲೆ ಖಾಸಗಿ ಬಸ್ಸು, ಕೊನೆಗೆ ಕಾರು. ಡಾಂಬರು ಬಿದ್ದಿತು, ವೇಗ ಹೆಚ್ಚಿತು. ಒಂದು ಮಗ್ಗುಲಲ್ಲಿ ತುಂಬಿ ಹರಿಯುವ ನೀರು ಮಾತ್ರ ಹಾಗೇ ಇತ್ತು, ಬಹಳ ಕಡೆ ನಡುವೆ ಒಂದು ಗೋಡೆಯೂ ಇರಲಿಲ್ಲ.

2018ರ ನವೆಂಬರ್ 24, ಶನಿವಾರ. ಅರ್ಧ ದಿನದ ಶಾಲೆ ಮುಗಿಸಿದ ಮಕ್ಕಳನ್ನೂ ಹತ್ತಿಸಿಕೊಂಡಿದ್ದ ಖಾಸಗಿ ಬಸ್ಸು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ನಾಲೆಗೆ ಮಗುಚಿತು. 30 ಮಂದಿ ಸತ್ತರು, ಬದುಕಿದವರು ಬೆರಳೆಣಿಕೆಯವರು. ಅದೇ ರಾತ್ರಿ ಬೆಂಗಳೂರಿನಲ್ಲಿ ಮಂಡ್ಯದ ನಟ, ರಾಜಕಾರಣಿ ಅಂಬರೀಷ್ ತೀರಿಕೊಂಡರು, ಜಿಲ್ಲೆಯ ಕಣ್ಣೀರು ಎರಡು ಕಡೆ ಹರಿಯಿತು. ಐದು ವರ್ಷ ಕಳೆಯುವುದರೊಳಗೆ, 2023ರ ಜುಲೈ 29ರಂದು, ಶ್ರೀರಂಗಪಟ್ಟಣ ತಾಲ್ಲೂಕಿನ ಗಾಮನಹಳ್ಳಿ ಬಳಿ ಅದೇ ನಾಲೆಗೆ ಕಾರು ಬಿದ್ದು ನಾಲ್ವರು ಮಹಿಳೆಯರು ಹೋದರು, ಚಾಲಕ ಉಳಿದ. ಅದೇ ವರ್ಷದ ನವೆಂಬರಿನಲ್ಲಿ ಪಾಂಡವಪುರದ ಬನಘಟ್ಟ ಬಳಿ ಮತ್ತೊಂದು ಕಾರು, ಐದು ಜೀವ. ಬೇರೆ ಬೇರೆ ಚಾಲಕರು, ಬೇರೆ ಬೇರೆ ವಾಹನಗಳು, ನಾಲೆ ಒಂದೇ. ಇಷ್ಟಾದ ಮೇಲೂ ಜಾತಕ ನೋಡುವುದಾದರೆ ಮೊದಲು ನೋಡಬೇಕಾದದ್ದು ರಸ್ತೆಯದು.

ಚಾಲಕರ ಅತಿವೇಗ, ಅಜಾಗರೂಕತೆಯೇ ಕಾರಣ, ನಾಲೆಯನ್ನು ದೂರುವುದೇಕೆ ಎಂದು ಕೇಳಬಹುದು. ಸ್ಟೀರಿಂಗ್ ಹಿಡಿದವನ ತಪ್ಪಿದ್ದರೆ ಅದರಿಂದ ಗಾಡಿ ರಸ್ತೆ ಬಿಟ್ಟದ್ದೇಕೆಂದು ತಿಳಿಯುತ್ತದೆ, ಹಿಂದಿನ ಸೀಟಿನ ಶಾಲಾ ಮಗು ಮುಳುಗಿದ್ದೇಕೆಂದು ತಿಳಿಯುವುದಿಲ್ಲ. ಗದ್ದೆಗೆ ಬಿದ್ದ ಬಸ್ಸಿನಲ್ಲಿ ಕೈಕಾಲು ಮುರಿಯುತ್ತವೆ. ತುಂಬಿದ ನಾಲೆಗೆ ಬಿದ್ದರೆ ಉಸಿರೇ ನಿಲ್ಲುತ್ತದೆ. ಪಕ್ಕದ ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ನೋಡಿ. 2023ರ ಮಾರ್ಚ್ 12ರಂದು ಉದ್ಘಾಟನೆಯಾದಾಗಿನಿಂದ ಸಾವಿನ ಸುದ್ದಿ ನಿಲ್ಲಲಿಲ್ಲ. ಆಗಸ್ಟ್ 1ರಿಂದ ಬೈಕು, ಆಟೋಗಳನ್ನು ತಡೆದರು, ವೇಗಕ್ಕೆ 100 ಕಿಲೋಮೀಟರಿನ ಮಿತಿಯನ್ನು ಬಿಗಿಗೊಳಿಸಿ ಕ್ಯಾಮೆರಾ ಹಾಕಿದರು. ಮುಂದಿನ ವರ್ಷ ಸಾವು ಬಹಳವೇ ಇಳಿಯಿತು. ಒಂದೇ ವರ್ಷದಲ್ಲಿ ಅಷ್ಟೊಂದು ಪ್ರಯಾಣಿಕರ ಆಯಸ್ಸು ಒಟ್ಟಿಗೆ ಗಟ್ಟಿಯಾಯಿತೆಂದು ಯಾವ ಜ್ಯೋತಿಷಿಯೂ ಹೇಳಲಾರ.

ಹರಕೆಯನ್ನು ಹಳಿಯುವ ಉದ್ದೇಶ ನನಗಿಲ್ಲ. ಸಾವಿನ ಬಾಯಿಂದ ಬಂದವನ ನಡುಕ ನಿಲ್ಲಲು ದೇವಿಯ ಮುಂದೆ ನಿಲ್ಲುವುದಕ್ಕಿಂತ ದೊಡ್ಡ ಔಷಧ ಹಳ್ಳಿಯಲ್ಲಿ ಸಿಗದಿರಬಹುದು. ತೊಂದರೆ ಇರುವುದು ವಿಚಾರಣೆ ಅಲ್ಲಿಗೇ ನಿಂತುಬಿಡುವುದರಲ್ಲಿ. ದೇವರು ಒಬ್ಬನನ್ನು ಉಳಿಸಿದ ಎಂದೊಡನೆ, ಅದೇ ಬಸ್ಸಿನ ಮೂವತ್ತು ಜನರ ಲೆಕ್ಕವನ್ನೂ ಅವನ ಮೇಲೆಯೇ ಹಾಕಿದಂತಾಗುತ್ತದೆ.

ಉಳಿಸಿದ್ದರಲ್ಲಿ ಇನ್ನೊಂದು ಪಾಲು ಆಸ್ಪತ್ರೆಯದು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಬಳಿ ಇನ್ನೊಂದು ಹೆದ್ದಾರಿಯ ಮಗ್ಗುಲಲ್ಲೇ 1986ರಿಂದ ಆದಿಚುಂಚನಗಿರಿಯ ವೈದ್ಯಕೀಯ ಕಾಲೇಜು ಇದೆ; ಕೆ.ಆರ್. ಪೇಟೆಯ ಒಳಹಳ್ಳಿಯಲ್ಲಿ ಬಿದ್ದವನಿಗೆ ಮೈಸೂರೋ ಮಂಡ್ಯವೋ ಗತಿ. 2008ರಲ್ಲಿ ಬಂದ 108 ಆಂಬುಲೆನ್ಸ್ ಆ ದೂರವನ್ನು ಒಂದಿಷ್ಟು ಕಿರಿದಾಗಿಸಿತು. ಗಾಯಾಳುವನ್ನು ಎತ್ತಿದವನನ್ನು ಠಾಣೆಗೆ ಅಲೆಸಬಾರದೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ರಾಜ್ಯವೂ ಕಾಯ್ದೆ ಮಾಡಿತು. ಆದರೂ ರಸ್ತೆಬದಿಯಲ್ಲಿ ನಿಂತವರಿಗೆ ಆ ಹಳೆಯ ಹೆದರಿಕೆ ಪೂರ್ತಿ ಹೋಗಿಲ್ಲ.

ನಾಲೆಯುದ್ದಕ್ಕೂ ಗೋಡೆ ಕಟ್ಟುವಷ್ಟು ಹಣವೆಲ್ಲಿದೆ ಎಂಬ ಆಕ್ಷೇಪಕ್ಕೆ ತೂಕವಿದೆ. ಉದ್ದಕ್ಕೂ ಬೇಕಿಲ್ಲ, ಎಲ್ಲಿ ಬೇಕೆಂಬುದನ್ನು ಬದುಕಿ ಬಂದವರೇ ತೋರಿಸಬಲ್ಲರು. ಗಾಯವಾಗದೆ, ವಿಮೆ ಕೇಳದೆ ಮನೆ ಸೇರಿದವರ ಪ್ರಸಂಗ ಯಾವ ದಫ್ತರಕ್ಕೂ ಏರುವುದಿಲ್ಲ. ಕನ್ನಂಬಾಡಿಯಿಂದ ನಾಲೆಗೆ ನೀರು ಬಿಡುವ ಮುನ್ನ, ಏರಿ ಹಾದುಹೋಗುವ ಪ್ರತಿ ಗ್ರಾಮ ಪಂಚಾಯಿತಿಯೂ ಅಂಥವರನ್ನು ಕೂರಿಸಿಕೊಂಡು, ಯಾವ ತಿರುವಿನಲ್ಲಿ ಚಕ್ರ ಜಾರಿತು ಎಂದು ಕೇಳಿ ಬರೆದಿಡಲಿ.